ಪಿಂಟೊ ಶೇಂಗಾ

ನೆಲಕ್ಕಂಟಿ ಹಬ್ಬುವ, ಹಳದಿ ಹೂ ಬಿಡುವ ಬಹುವಾರ್ಷಿಕ ದ್ವಿದಳ ಸಸ್ಯ. ವೈಜ್ಞಾನಿಕ ಹೆಸರು ಅರಾಕಿಸ್ ಪಿಂಟೊಯಿ. ನಾವು ಹುರಿದು ತಿನ್ನುವ ಶೇಂಗಾದ ಕುಲವೇ ಇದರದೂ. ಆದರೆ ಶೇಂಗಾ ಒಂದೇ ಹಂಗಾಮಿನ ಬೆಳೆ, ಇದು ವರ್ಷಗಟ್ಟಲೆ ಬಾಳುವ ಬಳ್ಳಿ. ಬೆಂಗಳೂರಿನ ಉದ್ಯಾನಗಳಲ್ಲಿ ಹುಲ್ಲುಹಾಸಿನ ಬದಲಿಗೆ, ತೆಂಗು ಅಡಿಕೆ ತೋಟಗಳಲ್ಲಿ ಕಳೆ ತಡೆಯುವ ಹೊದಿಕೆಯಾಗಿ ಇದನ್ನು ಬೆಳೆಸುತ್ತಾರೆ.

ಇದರ ತವರು ಬ್ರೆಜಿಲ್. 1954ರಲ್ಲಿ ಜೆರಾಲ್ಡೊ ಪಿಂಟೊ ಎಂಬ ಸಸ್ಯವಿಜ್ಞಾನಿ ಬಹಿಯಾ ರಾಜ್ಯದ ಬೆಲ್ಮಾಂಟೆ ಬಳಿಯ ಬೊಕಾ ದೊ ಕೊರೆಗೊದಲ್ಲಿ ಇದನ್ನು ಸಂಗ್ರಹಿಸಿದರು. ಅದು ಅರ್ಜೆಂಟೀನಾದ ಆಂಟೊನಿಯೊ ಕ್ರಪೊವಿಕಸ್ ಮತ್ತು ಅಮೆರಿಕದ ವಾಲ್ಟನ್ ಗ್ರೆಗರಿ ಅವರ ಅಧ್ಯಯನಕ್ಕೆ ಒಳಪಟ್ಟು, ಮುಂದೆ ಆಸ್ಟ್ರೇಲಿಯಾ, ಕೊಲಂಬಿಯಾಗಳ ಸಂಶೋಧನಾ ತಾಕುಗಳನ್ನೂ ಸೇರಿತು. ಸ್ವಾರಸ್ಯವೆಂದರೆ, ಗಿಡ ಇಷ್ಟೆಲ್ಲ ಸುತ್ತಾಡಿದ ಮೇಲೂ ಅದಕ್ಕೆ ಅಧಿಕೃತ ನಾಮಕರಣ ಆಗಿರಲಿಲ್ಲ. ಪಿಂಟೊ ಹೆಸರು ಬಳಕೆಯಲ್ಲಿತ್ತಾದರೂ, ಕ್ರಪೊವಿಕಸ್ ಮತ್ತು ಗ್ರೆಗರಿ ವಿಧಿವತ್ತಾದ ವರ್ಣನೆ ಪ್ರಕಟಿಸಿದ್ದು 1994ರಲ್ಲಿ, ಅರಾಕಿಸ್ ಕುಲದ 69 ಪ್ರಭೇದಗಳನ್ನು ವಿವರಿಸಿದ ಗ್ರಂಥದಲ್ಲಿ.

ಅಷ್ಟರಲ್ಲಿ ಅದು ಮಾರುಕಟ್ಟೆಗೂ ಬಂದಾಗಿತ್ತು. ಆಸ್ಟ್ರೇಲಿಯಾ 1987ರಲ್ಲಿ ‘ಅಮರಿಲೊ’ ತಳಿಯನ್ನು ಬಿಡುಗಡೆ ಮಾಡಿತು. 1992ರಲ್ಲಿ ಕೊಲಂಬಿಯಾ, 1994ರಲ್ಲಿ ಕೋಸ್ಟರಿಕ ತಮ್ಮದೇ ಹೆಸರಿಟ್ಟು ಹೊರತಂದವು. ಹೆಸರು ಬೇರೆಯಾದರೂ ಮೂರಕ್ಕೂ ಮೂಲ ಪಿಂಟೊ ತಂದ ಆ ಒಂದು ಸಂಗ್ರಹವೇ. ಇಷ್ಟು ಕಿರಿದಾದ ತಳಪಾಯದ ಮೇಲೆ ಉಷ್ಣವಲಯದ ಇಷ್ಟೊಂದು ನೆಲ ಹಬ್ಬಿದ್ದು ಅಚ್ಚರಿಯಷ್ಟೇ ಅಲ್ಲ, ಒಂದಿಷ್ಟು ಆತಂಕದ ಸಂಗತಿಯೂ ಹೌದು. ಬ್ರೆಜಿಲ್‌ನಲ್ಲೇ 1999ರಲ್ಲಿ ಬಂದ ‘ಬೆಲ್ಮಾಂಟೆ’ ಬೇರೆ ಸಂಗ್ರಹದ್ದು.

ಮೊದಲು ಎಲ್ಲರ ಕಣ್ಣಿದ್ದದ್ದು ಮೇವಿನ ಮೇಲೆ. ದನ ಮೇದರೂ ತುಳಿದರೂ ಮತ್ತೆ ಚಿಗುರುವ ಈ ಬಳ್ಳಿಯನ್ನು ಬ್ರಾಕಿಯೇರಿಯ ಹುಲ್ಲಿನ ಜೊತೆ ಬೆಳೆಸಿ ನೋಡಿದರು. ತೊಡಕಾದದ್ದು ಬೀಜ. ಹೂವಿನ ಆಯುಸ್ಸು ಒಂದೇ ದಿನ. ಪರಾಗಸ್ಪರ್ಶವಾದ ಮೇಲೆ ಅದರ ಬುಡದಿಂದ ಸೂಜಿಯಂಥ ತೊಟ್ಟೊಂದು ಹೊರಟು ಮಣ್ಣಿಗಿಳಿಯುತ್ತದೆ, ಕಾಯಿ ಕಟ್ಟುವುದು ಅಲ್ಲೇ. ಸಾಮಾನ್ಯವಾಗಿ ಕಾಯಿಗೊಂದೇ ಬೀಜ. ಶೇಂಗಾವನ್ನಾದರೆ ಗಿಡ ಹಿಡಿದೆಳೆದು ಕೀಳಬಹುದು. ಇದರ ಕಾಯಿಗಳು ತೊಟ್ಟಿನಿಂದ ಸುಲಭವಾಗಿ ಕಳಚಿ ಮಣ್ಣಲ್ಲೇ ಉಳಿಯುವುದರಿಂದ ಮೇಲ್ಮಣ್ಣನ್ನೇ ಜರಡಿ ಹಿಡಿಯಬೇಕು. ಹೀಗಾಗಿ ಬೀಜ ದುಬಾರಿ. ನೂರಾರು ಎಕರೆ ಹುಲ್ಲುಗಾವಲಿಗೆ ಇದು ಹೊರೆಯಾದರೂ, ತೋಟಕ್ಕೂ ಕೈತೋಟಕ್ಕೂ ಏನೂ ಅಡ್ಡಿಯಾಗಲಿಲ್ಲ: ಗೆಣ್ಣಿರುವ ಬಳ್ಳಿತುಂಡು ಊರಿದರೆ ಸಾಕು, ಗೆಣ್ಣಿಗೊಂದು ಬೇರು ಬಿಡುತ್ತದೆ.

ನೆರಳನ್ನು ತಾಳಿಕೊಳ್ಳುವ ಗುಣದಿಂದ ಕಾಫಿ, ಬಾಳೆ ತೋಟಗಳ ಅಡಿಯಲ್ಲೂ ಬದುಕಿತು. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ದಟ್ಟ ಎಲೆ ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತದೆ. ಆದರೆ ನೆಲ ಮುಚ್ಚಲು ಅವಸರಪಡುವ ಗಿಡವಲ್ಲ. ಮೊದಲ ಕೆಲವು ತಿಂಗಳು ಕಳೆ ಕೀಳುವ ಕೆಲಸ ತಪ್ಪುವುದಿಲ್ಲ. ಹಿಮ ಬಿದ್ದರೆ ಮೇಲಿನ ಎಲೆ ಸುಟ್ಟುಹೋಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಇದಕ್ಕಿಂತ ಹೆಚ್ಚಾಗಿ ನೆಲೆ ನಿಂತಿರುವುದು ಇದರ ದಾಯಾದಿ ಅರಾಕಿಸ್ ಗ್ಲಾಬ್ರಟ. ನೆಲದೊಳಗೆ ಗುಪ್ತಕಾಂಡ ಬೆಳೆಸಿಕೊಳ್ಳುವ ಅದು 1936ರಲ್ಲೇ ಬ್ರೆಜಿಲ್‌ನಿಂದ ಅಲ್ಲಿಗೆ ಹೋಗಿತ್ತು.