ನವೆಂಬರ್ 1ಕ್ಕೆ ಇಲ್ಲಿ ರಜೆ ಇಲ್ಲ

ಬಾರಾಮತಿಗೆ ಬಂದ ಮೊದಲ ವರ್ಷ. ನವೆಂಬರ್ 1ರ ಬೆಳಿಗ್ಗೆ ಮಗಳಿಗೆ ಡಬ್ಬಿ ಕಟ್ಟುತ್ತಿದ್ದೆ. “ಅಮ್ಮಾ, ಇವತ್ತು ರಾಜ್ಯೋತ್ಸವ ಅಂತೀಯ, ಮತ್ತೆ ಶಾಲೆಗೆ ಯಾಕೆ ರಜೆ ಇಲ್ಲ?” ಎಂದಳು. ಇಲ್ಲಿ ರಜೆ ಮೇ 1ಕ್ಕೆ, ಮಹಾರಾಷ್ಟ್ರ ದಿನಕ್ಕೆ ಎಂದೆ. “ಹಾಗಾದ್ರೆ ನಮ್ಮ ದಿನ ಯಾವುದು?” ನನಗೆ ಉತ್ತರ ಹೊಳೆಯಲಿಲ್ಲ.

ಹುಡುಕುತ್ತಾ ಹೋದರೆ ಎರಡೂ ದಿನಗಳ ಬೇರು ಒಂದೇ. 1956ರವರೆಗೆ ಪುಣೆಯೂ ನಮ್ಮ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ರಾಜ್ಯದಲ್ಲೇ ಇದ್ದವು. ಆ ವರ್ಷದ ನವೆಂಬರ್ 1ರಂದು, ಚಂದಗಡ ತಾಲ್ಲೂಕೊಂದನ್ನು ಬಿಟ್ಟು, ಈ ನಾಲ್ಕೂ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮರಾಠಿ, ಗುಜರಾತಿ ಭಾಗಗಳು ಮುಂಬಯಿ ರಾಜ್ಯದಲ್ಲೇ ಉಳಿದು, ಸಂಯುಕ್ತ ಮಹಾರಾಷ್ಟ್ರ ಚಳವಳಿಯ ನಂತರ 1960ರ ಮೇ 1ರಂದು ಬೇರೆಯಾದವು.

ವಿಜಾಪುರ ಜಿಲ್ಲೆಯ ನನ್ನ ಅಜ್ಜಿ ಹೇಳುತ್ತಿದ್ದರು: “ನಾ ಮನಿ ಬಿಟ್ಟಿಲ್ಲವ್ವಾ, ರಾಜ್ಯಾನೇ ಬದಲಾಗ್ಯಾವ.” ಮುಂಬಯಿ, ಮೈಸೂರು, ಕರ್ನಾಟಕ, ಮೂರನ್ನೂ ಅವರು ಒಂದೇ ಹೊಸ್ತಿಲಿನ ಮೇಲೆ ನಿಂತು ಕಂಡವರು.

ಮೆಡಿಟರೇನಿಯನ್ ಸಮುದ್ರದ ಪುಟ್ಟ ದ್ವೀಪರಾಷ್ಟ್ರ ಮಾಲ್ಟಾದಲ್ಲಿ ರಾಷ್ಟ್ರೀಯ ದಿನಗಳೇ ಐದು. 1964ರ ಸ್ವಾತಂತ್ರ್ಯ (ಸೆಪ್ಟೆಂಬರ್ 21), 1974ರ ಗಣರಾಜ್ಯ (ಡಿಸೆಂಬರ್ 13), 1979ರಲ್ಲಿ ಬ್ರಿಟಿಷ್ ಸೇನೆ ಹೊರಟದ್ದು (ಮಾರ್ಚ್ 31), 1919ರಲ್ಲಿ ಗುಂಡಿಗೆ ಬಲಿಯಾದವರ ನೆನಪು (ಜೂನ್ 7), ವಿಜಯ ದಿನ (ಸೆಪ್ಟೆಂಬರ್ 8). ಯಾವುದು ದೊಡ್ಡದೆಂದು ಒಮ್ಮತ ಮೂಡದೆ ಐದನ್ನೂ ಇಟ್ಟುಕೊಂಡರು. ಇವಲ್ಲದೆ ಸಂತ ಪಾಲ್‌ನ ಹಡಗು ಒಡೆದ ನೆನಪಿಗೆ ಫೆಬ್ರವರಿ 10ರಂತಹ ಧಾರ್ಮಿಕ ರಜೆಗಳೂ ಇವೆ. ಅಷ್ಟು ಚಿಕ್ಕ ದೇಶಕ್ಕೆ ಐದು ದಿನ ಹಿಡಿಸಿದರೆ, ಒಂದು ಮನೆಗೆ ಎರಡು ದಿನ ಭಾರವೇ?

ಹಬ್ಬಗಳಂತೂ ಈ ಗಡಿಯನ್ನು ಕೇಳಿಯೇ ಇಲ್ಲ. ನಮ್ಮ ಯುಗಾದಿ, ಇವರ ಗುಡಿ ಪಾಡ್ವ ಒಂದೇ ಚೈತ್ರ ಶುದ್ಧ ಪಾಡ್ಯ, ಒಂದೇ ಶಾಲಿವಾಹನ ಶಕೆ. ಆಷಾಢ ಏಕಾದಶಿಗೆ ಪಂಢರಪುರಕ್ಕೆ ಹೊರಟ ತುಕಾರಾಮರ ಪಾಲಖಿ ನಮ್ಮ ಬಾರಾಮತಿಯಲ್ಲಿ ತಂಗುತ್ತದೆ. ಅದು ಹೋಗಿ ಸೇರುವ ವಿಠ್ಠಲನೇ ಪುರಂದರದಾಸರ ಅಂಕಿತದಲ್ಲೂ ಇದ್ದಾನೆ.

ಈಗ ಮಗಳಿಗೆ ಉತ್ತರ ಸಿಕ್ಕಿದೆ: “ಎರಡೂ ನಮ್ಮವೇ ಪುಟ್ಟಿ.” ಮೇ 1ರ ರಜೆಯನ್ನು ಸರ್ಕಾರ ಕೊಡುತ್ತದೆ. ನವೆಂಬರ್ 1ಕ್ಕೆ ನಾನೇ ಆಫೀಸಿಗೆ ರಜೆ ಹಾಕಿ ಹೋಳಿಗೆ ಮಾಡುತ್ತೇನೆ. ಅವಳ ಡಬ್ಬಿಯಲ್ಲಿ ಗೆಳತಿಯರಿಗೂ ಸೇರಿಸಿ ನಾಲ್ಕು ಹೆಚ್ಚೇ ಇರುತ್ತವೆ.