ಗುಜರಿ ತಂತಿ, ಚಿನ್ನದ ಗಣಿ ಮತ್ತು ನನ್ನ ಮಗಳ ಯಂತ್ರ

ಸ್ವಲ್ಪ ಉದ್ದದ ಬರಹ, ಬಿಡುವಿದ್ದಾಗ ಓದಿ.

ಹೋದ ವಾರ ಆಫೀಸು ಮುಗಿಸಿ ಬಂದು ಕಾಲು ತೊಳ್ಕೊಳ್ತಾ ಇದ್ದೆ. ಒಂಬತ್ತನೇ ಕ್ಲಾಸಿನ ಮಗಳು ಬಂದು, "ಅಪ್ಪಾ, ಹತ್ತು ಕೆಜಿ ತಾಮ್ರದ ತಂತಿ ಬೇಕು" ಅಂದ್ಲು. ಯಾಕವ್ವ ಅಂದ್ರೆ, ಸ್ಕೂಲಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವಳೂ ಅವಳ ಇಬ್ಬರು ಗೆಳತಿಯರೂ ಸೇರಿ ಪಾರ್ಟಿಕಲ್ ಆಕ್ಸಲರೇಟರ್ ಮಾಡ್ತಾರಂತೆ. ಕನ್ನಡದಲ್ಲಿ ಕಣವೇಗವರ್ಧಕ. ಫೋನಲ್ಲಿ ಯಾವುದೋ ದೇಶದ ಹುಡುಗರು ಮಾಡಿದ್ದನ್ನ ನೋಡಿದಾರೆ. ಸ್ಕೂಲಲ್ಲಿ ಹೇಳಿದ್ದಕ್ಕೆ ಮೇಷ್ಟ್ರು ನಕ್ಕು, "ಅದೆಲ್ಲ ನಿಮ್ ಕೈಲಿ ಆಗೋದಲ್ಲ, ಮಳೆನೀರು ಕೊಯ್ಲಿನ ಮಾಡೆಲ್ ತನ್ನಿ" ಅಂದರಂತೆ.

ಆ ಮೇಷ್ಟ್ರು ಕೆಟ್ಟವರೇನಲ್ಲ. ಆದರೆ "ನಿಮ್ ಕೈಲಿ ಆಗೋದಲ್ಲ" ಅನ್ನೋ ಮಾತು ನನ್ನ ಕಿವಿಗೆ ಹಳೇದು. ನಾನು ಓದಿದ ಹೈಸ್ಕೂಲಲ್ಲಿ ಲ್ಯಾಬು ಅಂದ್ರೆ ಒಂದು ಬೀರು, ಅದಕ್ಕೊಂದು ಬೀಗ. ವರ್ಷಕ್ಕೆ ಎರಡು ಸಲ ತೆಗೆಯೋರು. ಗ್ಯಾಲ್ವನೋಮೀಟರಿಗೆ ತಂತಿ ಸಿಕ್ಕಿಸೋಕೆ ಮುಂದಿನ ಬೆಂಚಿನ ಹುಡುಗರನ್ನ ಕರೆಯೋರು. ಎಸ್ಟೇಟ್ ಲೈನು ಮನೆಗಳಿಂದ ಬರ್ತಿದ್ದ ನಮಗೆ, "ನೀವು ಅಲ್ಲಿಂದಲೇ ನೋಡ್ಕಳಿ" ಅನ್ನೋರು. ನಾವು ಅಲ್ಲಿಂದಲೇ ನೋಡಿದ್ವಿ. ಮುಳ್ಳು ಅಲ್ಲಾಡಿತೋ ಇಲ್ವೋ ಇವತ್ತಿಗೂ ಗೊತ್ತಿಲ್ಲ. ನಾನು ಬಿಎ ಮಾಡಿದ್ದಕ್ಕೆ ಅದೂ ಒಂದು ಕಾರಣ ಅಂತ ಆಮೇಲೆ ಅನ್ನಿಸಿದ್ದುಂಟು.

ಅದಕ್ಕೇ ಮಗಳಿಗೆ ಆಗತ್ತೆ ಅಂತಲೂ ಹೇಳಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ. ನಾಲ್ಕು ರಾತ್ರಿ ಕೂತು ಓದಿದೆ. ಈ ಯಂತ್ರವನ್ನ ಮೊದಲು ಮಾಡಿದೋರು ಯಾರು, ಎಂಥಾ ಮನೆಯಿಂದ ಬಂದೋರು, ಅವರಿಗೆ ಬಾಗಿಲು ತೆಗೆದೋರು ಯಾರು ಅಂತ.

ಮೊದಲು ಯಂತ್ರದ ವಿಷಯ. ಈಗ ಅಟ್ಟದ ಮೇಲೆ ಬಿದ್ದಿರೋ ಹಳೇ ಡಬ್ಬಾ ಟಿವಿ ಇದೆಯಲ್ಲ, ಅದೇ ಒಂದು ಕಣವೇಗವರ್ಧಕ. ಹಿಂದಿನ ಸಣ್ಣ ಕೊಳವೆಯಲ್ಲಿ ತಂತಿ ಕಾದು ಎಲೆಕ್ಟ್ರಾನ್ ಹೊರಗೆ ಬರ್ತವೆ. ಕಲರ್ ಟಿವಿಯಾದ್ರೆ ಸುಮಾರು 25,000 ವೋಲ್ಟ್ ಅವನ್ನ ಪರದೆ ಕಡೆಗೆ ಎಳೆಯತ್ತೆ. ಆಗ ಅವುಗಳ ವೇಗ ಸೆಕೆಂಡಿಗೆ ಸುಮಾರು 90,000 ಕಿ.ಮೀ., ಬೆಳಕಿನ ವೇಗದ ಹೆಚ್ಚುಕಮ್ಮಿ ಮೂರನೇ ಒಂದು ಪಾಲು. ಸುತ್ತ ಇರೋ ತಾಮ್ರದ ಸುರುಳಿ ಅವನ್ನ ಎಡಕ್ಕೆ ಬಲಕ್ಕೆ ತಿರುಗಿಸತ್ತೆ. ಗಾಳಿ ಇಲ್ಲದ ಕೊಳವೆ, ತಳ್ಳೋಕೆ ವೋಲ್ಟೇಜು, ತಿರುಗಿಸೋಕೆ ಅಯಸ್ಕಾಂತ. ಜಿನೀವಾ ಹತ್ತಿರ ನೆಲದಡಿ 27 ಕಿ.ಮೀ. ಸುತ್ತಳತೆಯಲ್ಲಿ ಹಾಕಿರೋ ಸರ್ನ್ ಯಂತ್ರದಲ್ಲೂ ಮೂಲದಲ್ಲಿ ಇರೋದು ಈ ಮೂರೇ. ನಮ್ಮ ಕೇರಿಯವರೆಲ್ಲ ಒಂದೇ ಮನೆಯಲ್ಲಿ ಕೂತು ಭಾನುವಾರ ರಾಮಾಯಣ ನೋಡಿದ್ದು ಕಣವೇಗವರ್ಧಕದಲ್ಲಿ ಕಣ್ರೀ. (ಮಕ್ಕಳು ಓದ್ತಿದ್ರೆ ಗಮನಿಸಿ: ಹಳೇ ಟಿವಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಕರೆಂಟು ಉಳಿದಿರತ್ತೆ, ಜೀವಕ್ಕೇ ಅಪಾಯ.)

ಶುರುವಿನಲ್ಲಿ ಈ ಯಂತ್ರಗಳು ಗುಜರಿ ಅಂಗಡಿಯ ಸಾಮಾನಿನ ಹಾಗೇ ಇದ್ದವು. 1931ರ ಜನವರಿಯಲ್ಲಿ ಬರ್ಕ್ಲಿಯ ಅರ್ನೆಸ್ಟ್ ಲಾರೆನ್ಸ್ ಮತ್ತು ಅವರ ವಿದ್ಯಾರ್ಥಿ ಲಿವಿಂಗ್‌ಸ್ಟನ್ ಓಡಿಸಿದ ಸೈಕ್ಲೋಟ್ರಾನ್ ನಾಲ್ಕೂವರೆ ಇಂಚಿಂದು, ಅಂಗೈ ಮೇಲೆ ಇಟ್ಕೋಬಹುದು. ಹಿತ್ತಾಳೆ ಡಬ್ಬಿ, ಸಂದಿಗೆ ಅರಗು. ಮಾರನೇ ವರ್ಷ ಕೇಂಬ್ರಿಡ್ಜಲ್ಲಿ ಪರಮಾಣು ಒಡೆದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್, ಗಾಳಿ ಸೋರದ ಹಾಗೆ ಸಂದಿಗೆ ಮೆತ್ತಿದ್ದು ಮಕ್ಕಳು ಆಡೋ ಪ್ಲಾಸ್ಟಿಸೀನ್ ಮಣ್ಣು. ಮೂವರಿಗೆ ಆಮೇಲೆ ನೊಬೆಲ್ ಬಂತು.

ಹೈಸ್ಕೂಲ್ ಹುಡುಗನೊಬ್ಬ ಮಾಡಿದ್ದರಲ್ಲಿ ಎಲ್ಲರಿಗೂ ಗೊತ್ತಿರೋದು ಮಿಚಿಯೋ ಕಾಕು ಕಥೆ. ಇವತ್ತು ಟಿವಿಯಲ್ಲಿ ವಿಜ್ಞಾನ ಹೇಳೋ ಬಿಳಿ ಕೂದಲಿನ ಪ್ರೊಫೆಸರ್. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಓದ್ತಿದ್ದಾಗ ಮನೆಯ ಗ್ಯಾರೇಜಲ್ಲಿ ಬೀಟಾಟ್ರಾನ್ ಕಟ್ಟೋಕೆ ಹೊರಟ. ಅವರೇ ಹೇಳಿಕೊಂಡಿರೋ ಲೆಕ್ಕ: ಟ್ರಾನ್ಸ್‌ಫಾರ್ಮರಿನ ಉಕ್ಕು 400 ಪೌಂಡು, ಅಂದ್ರೆ ಸುಮಾರು 180 ಕೆಜಿ. ತಾಮ್ರದ ತಂತಿ 22 ಮೈಲಿ. ಅದನ್ನ ಸುತ್ತಿದ್ದು ಸ್ಕೂಲಿನ ಫುಟ್ಬಾಲ್ ಮೈದಾನದಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ, ಅಪ್ಪ-ಅಮ್ಮನೂ ಕೈಹಾಕಿ. ಗುರಿ 23 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಸ್ವಿಚ್ ಹಾಕಿದಾಗೆಲ್ಲ ಮನೆಯ ಫ್ಯೂಸು ಹಾರೋದಂತೆ.

ಈ ಕಥೆಯನ್ನ "ಬುದ್ಧಿವಂತ ಹುಡುಗ" ಅಂತ ಹೇಳಿ ಮುಗಿಸಿಬಿಡ್ತಾರೆ. ನನಗೆ ಬೇಕಾಗಿದ್ದು ಅದರ ಹಿಂದಿನ ಕಥೆ. ಆ ಹುಡುಗನ ಅಪ್ಪ-ಅಮ್ಮ ಜಪಾನಿ ಮೂಲದವರು. 1942ರಲ್ಲಿ ಅಮೆರಿಕ ಸರ್ಕಾರ ಒಂದು ಆದೇಶ ಹೊರಡಿಸಿ, ಜಪಾನಿ ಮೂಲದವರು ಅನ್ನೋ ಒಂದೇ ಕಾರಣಕ್ಕೆ ಸುಮಾರು 1,20,000 ಜನರನ್ನ ಮುಳ್ಳುತಂತಿ ಶಿಬಿರಗಳಿಗೆ ತುಂಬಿತು. ಹೆಚ್ಚಿನವರು ಅಲ್ಲೇ ಹುಟ್ಟಿದ ನಾಗರಿಕರು. ಕಾಕು ಅಪ್ಪ-ಅಮ್ಮ ಪರಸ್ಪರ ಭೇಟಿಯಾಗಿದ್ದೇ ಟೂಲಿ ಲೇಕ್ ಶಿಬಿರದಲ್ಲಿ. ಎಲ್ಲಾ ಕಳಕೊಂಡು ಹೊರಗೆ ಬಂದ ಕುಟುಂಬ. ಆದರೂ ಆ ಮಗನಿಗೆ ಗ್ಯಾರೇಜ್ ಇತ್ತು, ಕರೆಂಟಿತ್ತು, ಕೇಳಿದರೆ ಉಕ್ಕು ಕೊಡೋ ಕಂಪನಿ ಇತ್ತು, ಮೈದಾನದ ಗೇಟು ಮುಚ್ಚದ ಸ್ಕೂಲಿತ್ತು. ರಾಷ್ಟ್ರೀಯ ವಿಜ್ಞಾನ ಮೇಳದಲ್ಲಿ ಅದನ್ನ ನೋಡಿದ ಎಡ್ವರ್ಡ್ ಟೆಲ್ಲರ್ ಹಾರ್ವರ್ಡಿಗೆ ಹೋಗೋಕೆ ಸ್ಕಾಲರ್‌ಶಿಪ್ ಕೊಡಿಸಿದರು. ಟೆಲ್ಲರ್ ಅಂದ್ರೆ ಹೈಡ್ರೋಜನ್ ಬಾಂಬಿನ ಟೆಲ್ಲರ್. ಆ ಮನುಷ್ಯನ ಬಗ್ಗೆ ನನಗೆ ಗೌರವ ಇಲ್ಲ. ಆದ್ರೆ ಬಾಗಿಲು ತೆಗೆದದ್ದು ತೆಗೆದದ್ದೇ.

ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಸೈಕ್ಲೋಟ್ರಾನ್ ಕಟ್ಟೋ ಕೆಲಸ ಮೊದಲು ಹಿಡಿದಿದ್ದು ಮೇಘನಾದ ಸಾಹಾ, ಕಲ್ಕತ್ತಾದಲ್ಲಿ. ಹುಟ್ಟಿದ್ದು 1893ರಲ್ಲಿ, ಢಾಕಾ ಹತ್ತಿರದ ಶಿಯೋರಾತಾಲಿ ಹಳ್ಳಿ. ಅಪ್ಪನದು ಸಣ್ಣ ದಿನಸಿ ಅಂಗಡಿ. ಜಾತಿಯಲ್ಲಿ ಶುಂಡಿ, ಹೆಂಡ ಮಾರೋರು ಅಂತ ಕೀಳಾಗಿ ಕಾಣ್ತಿದ್ದ ಜಾತಿ. (ಸಾಹಾ ದಲಿತರು ಅಂತ ಕೆಲವರು ಪೋಸ್ಟ್ ಹಾಕ್ತಾರೆ, ಅದು ಸರಿಯಲ್ಲ. ಬಂಗಾಳದ ಪರಿಶಿಷ್ಟ ಪಟ್ಟಿಯಲ್ಲಿ ಶುಂಡಿ ಜಾತಿ ಇದೆ, ಆದ್ರೆ ಸಾಹಾಗಳನ್ನ ಬಿಟ್ಟು. ನಮ್ಮ ಇತಿಹಾಸ ನಾವು ಬರೆಯುವಾಗ ಸರಿಯಾಗಿ ಬರೀಬೇಕು.) 1905ರಲ್ಲಿ ಗವರ್ನರ್ ಭೇಟಿ ವಿರೋಧಿಸಿದರು ಅಂತ ಆ ಹನ್ನೆರಡರ ಹುಡುಗನನ್ನ ಢಾಕಾದ ಸ್ಕೂಲಿಂದ ಹೊರಗೆ ಹಾಕಿದರು. ಆಮೇಲೆ ಪ್ರೆಸಿಡೆನ್ಸಿ ಕಾಲೇಜು ಸೇರಿದಾಗ ಈಡನ್ ಹಿಂದೂ ಹಾಸ್ಟೆಲಲ್ಲಿ ಜೊತೆಯ ಹುಡುಗರು ಇವರ ಪಕ್ಕ ಕೂತು ಉಣ್ಣಲಿಲ್ಲ. ಸರಸ್ವತಿ ಪೂಜೆಗೆ ಸೇರಿಸಲಿಲ್ಲ. ವಿದ್ಯೆಯ ದೇವತೆ ಪೂಜೆಗೆ, ಇಡೀ ಹಾಸ್ಟೆಲಿಗೇ ಬುದ್ಧಿವಂತನಾದ ಹುಡುಗನನ್ನ! ನಕ್ಷತ್ರಗಳ ಬಿಸಿಯನ್ನ ಬೆಳಕಿನಿಂದಲೇ ಅಳೆಯೋ ಸೂತ್ರ 1920ರಲ್ಲಿ ಜಗತ್ತಿಗೆ ಕೊಟ್ಟದ್ದು ಅದೇ ಹುಡುಗ.

1930ರ ದಶಕದ ಕೊನೆಯಲ್ಲಿ ಸಾಹಾ ತಮ್ಮ ಶಿಷ್ಯ ನಾಗ್ ಚೌಧುರಿಯನ್ನ ಲಾರೆನ್ಸ್ ಹತ್ತಿರ ಕಲಿಯೋಕೆ ಕಳಿಸಿದರು. ಯಂತ್ರದ ಭಾಗಗಳು ಹಡಗಲ್ಲಿ ಹೊರಟವು. ಮಹಾಯುದ್ಧದ ಸಮಯ, ನಿರ್ವಾತ ಪಂಪುಗಳಿದ್ದ ಹಡಗನ್ನ ಜಪಾನಿಗಳು ಮುಳುಗಿಸಿದರು. ಮಿಕ್ಕ ಭಾಗ ಇಟ್ಕೊಂಡು, ಇಲ್ಲದ್ದನ್ನ ಇಲ್ಲೇ ಮಾಡ್ಕೊಂಡು ವರ್ಷಗಟ್ಟಲೆ ಗುದ್ದಾಡಿದರು. 1952ರಲ್ಲಿ ಸ್ವತಂತ್ರ ಅಭ್ಯರ್ಥಿಯಾಗಿ ಗೆದ್ದು ಲೋಕಸಭೆಗೂ ಹೋದರು. ಬಾಬಾಸಾಹೇಬರು ತೀರಿಕೊಂಡ 1956ರಲ್ಲೇ, ಫೆಬ್ರವರಿಯಲ್ಲಿ ಇವರೂ ತೀರಿಕೊಂಡರು.

ಕರ್ನಾಟಕದಲ್ಲಿ ಏನಿದೆ ಅಂತ ಮಗಳು ಕೇಳಿದ್ಲು. ಇದೆ. ಶಿರಾಡಿ ಘಾಟಿ ಇಳಿದ್ರೆ ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಕ್ಯಾಂಪಸ್ಸಲ್ಲಿ ಮೈಕ್ರೋಟ್ರಾನ್ ಇದೆ, 80 ಲಕ್ಷ ಎಲೆಕ್ಟ್ರಾನ್ ವೋಲ್ಟಿಂದು. ಆದ್ರೆ ನನಗೆ ನಿದ್ದೆ ಕೆಡಿಸಿದ್ದು ಅದಲ್ಲ, ಕೋಲಾರದ ಚಿನ್ನದ ಗಣಿ.

ಪ್ರಕೃತಿಯೇ ನಡೆಸೋ ಒಂದು ಕಣವೇಗವರ್ಧಕ ಇದೆ. ಬಾಹ್ಯಾಕಾಶದಿಂದ ಭಾರೀ ವೇಗದ ಕಣಗಳು ಬಂದು ಮೇಲಿನ ಗಾಳಿಗೆ ಬಡಿದು ಪುಡಿಯಾಗ್ತವೆ. ಆ ಪುಡಿಯಲ್ಲಿ ಮ್ಯುಯಾನ್ ಅನ್ನೋ ಕಣ, ಈ ಪೋಸ್ಟ್ ಓದ್ತಾ ಇರೋ ನಿಮ್ಮ ಅಂಗೈಯನ್ನ ಸೆಕೆಂಡಿಗೆ ಹೆಚ್ಚುಕಮ್ಮಿ ಒಂದರಂತೆ ದಾಟಿ ಹೋಗ್ತಿದೆ. ಅದೇ ಪುಡಿಯಲ್ಲಿ ನ್ಯೂಟ್ರಿನೋ ಕೂಡ ಇದೆ. ಅದು ಭೂಮಿಯನ್ನೇ ತೂರಿ ಹೋಗತ್ತೆ, ಯಾವುದಕ್ಕೂ ತಾಕೋದೇ ಅಪರೂಪ. ಅದನ್ನ ಹಿಡೀಬೇಕಾದ್ರೆ ಮಿಕ್ಕ ಕಣಗಳ ಗಲಾಟೆ ತಪ್ಪಿಸ್ಕೋಬೇಕು. ಅಂದ್ರೆ ಕಿಲೋಮೀಟರುಗಟ್ಟಲೆ ಬಂಡೆಯ ಕೆಳಗೆ ಹೋಗಿ ಕೂರಬೇಕು. ಅಷ್ಟು ಆಳದ ಗುಂಡಿಯನ್ನ ವಿಜ್ಞಾನಿಗಳು ಎಲ್ಲಿಂದ ತರ್ತಾರೆ? ಕೆಜಿಎಫಿನ ಚಾಂಪಿಯನ್ ರೀಫ್ ಗಣಿಯಲ್ಲಿ ಅದು ಸಿದ್ಧವಾಗಿತ್ತು, ಮೂರು ಕಿ.ಮೀ. ದಾಟಿದ ಗುಂಡಿ.

ತೋಡಿದವರು ಯಾರು? 1880ರಿಂದ ಜಾನ್ ಟೇಲರ್ ಕಂಪನಿ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ತಂದ ಕೂಲಿಗಳು. ನೆಲದಡಿ ಇಳಿದವರಲ್ಲಿ ಬಹುಪಾಲು ಆದಿದ್ರಾವಿಡರು, ನಮ್ಮವರು. ತಟ್ಟಿ ಗೋಡೆಯ ಒಂದೇ ಕೋಣೆಯ ಲೈನುಗಳು. ಅತಿ ಆಳದಲ್ಲಿ 60 ಡಿಗ್ರಿ ದಾಟೋ ಬಂಡೆಯ ಬಿಸಿ. ಯಾವಾಗ ಅಂತ ಹೇಳದೆ ಸಿಡಿಯೋ ಬಂಡೆ. ಕಲ್ಲುಧೂಳು ಕುಡಿದು ಶ್ವಾಸಕೋಶ ಕಲ್ಲಾಗೋ ಸಿಲಿಕೋಸಿಸ್. ಶಿಫ್ಟು ಮುಗಿಸಿ ಮೇಲೆ ಬಂದ್ರೆ ಚಿನ್ನ ಕದ್ದಿದಾರಾ ಅಂತ ಮೈತಡವಿ ತಪಾಸಣೆ. ಇಷ್ಟರ ನಡುವೆ ಇದೇ ಜನ ಅಯೋತಿ ದಾಸರ ದಾರಿ ಹಿಡಿದು ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಕಟ್ಟಿದ್ರು. ಚಾಂಪಿಯನ್ ರೀಫಲ್ಲೇ ಸಿದ್ಧಾರ್ಥ ಅಚ್ಚುಕೂಟ ನಡೆಸಿ ಅಪ್ಪಾದುರೈ ಅವರ ನೇತೃತ್ವದಲ್ಲಿ 'ತಮಿಳನ್' ಪತ್ರಿಕೆಯನ್ನ 1926ರಿಂದ ಮತ್ತೆ ತಂದ್ರು. ಓದೋಕೆ ಬರೆಯೋಕೆ ಬಾರದ ಕೂಲಿಗಳು ಅಂತ ಬರೆದವರಿಗೆ ಇದು ಕಾಣಲಿಲ್ಲ.

ಆ ಗುಂಡಿಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಶುರುವಿನಲ್ಲೇ ಇಳಿದರು. ಅವರಲ್ಲಿ ಮುಖ್ಯರು ನಂಜನಗೂಡಿನ ಬಿ.ವಿ. ಶ್ರೀಕಂಠನ್. 1965ರಲ್ಲಿ ನೆಲದಿಂದ ಸುಮಾರು 2.3 ಕಿ.ಮೀ. ಕೆಳಗೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್‌ನವರ ಜೊತೆ ಸೇರಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತು ಹಿಡಿದರು. ಆಗಸ್ಟ್ 15ರ ಸಂಚಿಕೆಯಲ್ಲಿ ಪ್ರಬಂಧ ಬಂತು, ಹನ್ನೊಂದು ಹೆಸರು. ದೊಡ್ಡ ಕೆಲಸ. ಅದರಲ್ಲಿ ಅನುಮಾನ ಇಲ್ಲ.

ಅದೇ ತಿಂಗಳು ಇನ್ನೊಂದು ತಂಡದ ಪ್ರಬಂಧವೂ ಬಂತು, ಅಮೆರಿಕದ ಫ್ರೆಡರಿಕ್ ರೈನ್ಸ್ ಅವರದ್ದು. ಅವರು ನ್ಯೂಟ್ರಿನೋ ಹಿಡಿದದ್ದು ಎಲ್ಲಿ ಗೊತ್ತಾ? ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿ, ನೆಲದಿಂದ ಮೂರು ಕಿ.ಮೀ. ಕೆಳಗೆ. ವರ್ಣಭೇದದ ಸರ್ಕಾರ. ಹೆಂಡತಿ ಮಕ್ಕಳನ್ನ ಊರಲ್ಲಿ ಬಿಟ್ಟು ಕಾಂಪೌಂಡ್ ಶೆಡ್ಡುಗಳಲ್ಲಿ ಬದುಕ್ತಿದ್ದ ಕಪ್ಪು ಕೂಲಿಗಳು ತೋಡಿದ ಗುಂಡಿ.

ಇದನ್ನ ಓದಿ ನಾನು ಫೋನ್ ಕೆಳಗಿಟ್ಟು ಸುಮ್ಮನೆ ಕೂತೆ. ಒಂದೇ ವರ್ಷ, ಎರಡು ಖಂಡ, ಎರಡು ಚಿನ್ನದ ಗಣಿ. ಒಂದನ್ನ ಕೊರೆದವರು ಅಸ್ಪೃಶ್ಯರು, ಇನ್ನೊಂದನ್ನ ಕೊರೆದವರು ಕಪ್ಪು ಜನ. ಆಕಾಶದ ಕಣ ಹಿಡಿಯೋಕೆ ಅಷ್ಟು ಆಳ ಬೇಕಿತ್ತು, ಅಷ್ಟು ಆಳಕ್ಕೆ ಮೊದಲು ಇಳಿದವರು ಇವರು. ವಿಜ್ಞಾನಿಗಳ ಮೇಲೆ ನನ್ನ ಸಿಟ್ಟಿಲ್ಲ, ಅವರು ಬಂದದ್ದು ಗುಂಡಿ ತೋಡಿ ಎಷ್ಟೋ ವರ್ಷ ಆದ ಮೇಲೆ. ಆದ್ರೆ ನಮ್ಮ ಮಕ್ಕಳಿಗೆ ಪಾಠದಲ್ಲಿ ಕೆಜಿಎಫ್ ಅಂದ್ರೆ ಚಿನ್ನ ಅಂತಷ್ಟೇ ಇದೆ, ಸಿನಿಮಾದಲ್ಲಿ ಅಂದ್ರೆ ಒಬ್ಬ ಹೀರೋ ಇದಾನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿ ಗುಂಡಿಗೆ ನೀರು ತುಂಬಿತು.

ಇನ್ನು ನಮ್ಮ ಮನೆ ಯಂತ್ರ. 22 ಮೈಲಿ ತಂತಿ ನನ್ನ ಸಂಬಳಕ್ಕೆ ಆಗಲ್ಲ ಅಂತ ಮಗಳಿಗೆ ನೇರವಾಗೇ ಹೇಳಿದೆ. ಬದಲಿಗೆ ಒಂದು ದಾರಿ ಸಿಕ್ಕಿದೆ, ಹೊರದೇಶದ ಶಾಲೆಗಳಲ್ಲಿ ಪಾಠಕ್ಕೆ ಬಳಸ್ತಾರೆ. ದುಂಡನೆ ಪ್ಲಾಸ್ಟಿಕ್ ಬೋಗುಣಿಯ ಒಳಗೆ ಲೋಹದ ಪಟ್ಟಿಗಳನ್ನ ಅಂಟಿಸೋದು, ಒಂದು ಬಿಟ್ಟು ಒಂದಕ್ಕೆ ವ್ಯಾನ್ ಡಿ ಗ್ರಾಫ್ ಯಂತ್ರದಿಂದ ವಿದ್ಯುತ್ತು ಕೊಡೋದು, ಮಿಕ್ಕವನ್ನ ನೆಲಕ್ಕೆ ಜೋಡಿಸೋದು. ವಿದ್ಯುತ್ ಹರಿಯೋ ಬಣ್ಣ ಬಳಿದ ಪಿಂಗ್‌ಪಾಂಗ್ ಚೆಂಡು ಒಳಗೆ ಬಿಟ್ರೆ, ಪ್ರತಿ ಪಟ್ಟಿ ದಾಟುವಾಗಲೂ ಒಂದು ತಳ್ಳು ಸಿಕ್ಕಿ ಸುತ್ತುತ್ತಾ ಸುತ್ತುತ್ತಾ ವೇಗ ಹೆಚ್ಚಿಸ್ಕೊಳ್ಳತ್ತೆ. ನಿಜವಾದ ಕಣ ಅಲ್ಲ, ಚೆಂಡು. ಆದ್ರೆ ಕೊಳವೆಯೊಳಗೆ ನಡೆಯೋದು ಹೆಚ್ಚುಕಮ್ಮಿ ಹೀಗೇ. ವ್ಯಾನ್ ಡಿ ಗ್ರಾಫಿಗೆ ಒಂದು ರಬ್ಬರ್ ಪಟ್ಟಿ, ಸಣ್ಣ ಮೋಟಾರು, ಮೇಲೊಂದು ದುಂಡನೆ ಲೋಹದ ಪಾತ್ರೆ ಸಾಕು. ಕಾಫಿ ಪಲ್ಪರ್ ರಿಪೇರಿ ಮಾಡೋ ನಮ್ಮ ಭಾವಮೈದ ಮೋಟಾರು ಕೊಡ್ತೀನಿ ಅಂದಿದಾನೆ. ಪಾತ್ರೆಗೆ ಅವರಮ್ಮನ ಹತ್ತಿರ ಮಾತುಕತೆ ನಡೀತಿದೆ.

ಪ್ರದರ್ಶನದ ಚಾರ್ಟಲ್ಲಿ ಹುಡುಗಿಯರು ಮೂರು ಫೋಟೋ ಹಾಕ್ತಾರಂತೆ: ಸಾಹಾ, ಕಾಕು, ಮೂರನೇದು ಕೆಜಿಎಫ್ ಕಾರ್ಮಿಕರದ್ದು. ಮೂರನೇದರ ಕೆಳಗೆ ಏನು ಹೆಸರು ಬರೀಲಿ ಅಂತ ಮಗಳು ಕೇಳ್ತಾ ಇದಾಳೆ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯ ಗೆಳೆಯರು ಈ ಪೋಸ್ಟ್ ನೋಡಿದ್ರೆ, ನಿಮ್ಮ ತಾತನೋ ಅಪ್ಪನೋ ಚಾಂಪಿಯನ್ ರೀಫಲ್ಲಿ ಆ ವರ್ಷಗಳಲ್ಲಿ ಕೆಳಗೆ ಇಳಿದವರಾಗಿದ್ರೆ, ಆ ವಿಜ್ಞಾನಿಗಳ ಪೆಟ್ಟಿಗೆ ಕಬ್ಬಿಣ ಹೊತ್ತ ನೆನಪು ಮನೆಯಲ್ಲಿ ಯಾರಾದ್ರೂ ಹೇಳಿದ್ರೆ, ದಯವಿಟ್ಟು ನನಗೆ ಮೆಸೇಜ್ ಮಾಡಿ. ಹೆಸರು, ಯಾವ ಶಾಫ್ಟು, ಯಾವ ವರ್ಷ, ಗೊತ್ತಿದ್ದಷ್ಟು. ಚಾರ್ಟಿನ ಆ ಜಾಗ ಸದ್ಯ ಖಾಲಿ ಬಿಟ್ಟಿದೀವಿ.