ಆಪರೇಷನ್ ಥಿಯೇಟರ್‌ಗೂ ಮುನ್ನ ಪರದೆಯ ಮೇಲೆ ಅಭ್ಯಾಸ: ಅರಿವಳಿಕೆ ಕಲಿಸುವ ಕಂಪ್ಯೂಟರ್ ಸಿಮ್ಯುಲೇಷನ್ ಹೇಗೆ ಕೆಲಸ ಮಾಡುತ್ತದೆ?

ಶಸ್ತ್ರಚಿಕಿತ್ಸೆಗೆ ಮಲಗಿಸಿದ ರೋಗಿಯ ಮುಖಕ್ಕೆ ಮಾಸ್ಕ್ ಇಡುತ್ತಾರೆ. ಕೆಲವು ಉಸಿರುಗಳಲ್ಲೇ ಪ್ರಜ್ಞೆ ತಪ್ಪುತ್ತದೆ. ಅರಿವಳಿಕೆ ಅನಿಲ ಕಡಿಮೆಯಾದರೆ ಶಸ್ತ್ರಚಿಕಿತ್ಸೆಯ ನಡುವೆಯೇ ರೋಗಿಗೆ ಅರಿವು ಮರಳಬಹುದು. ಹೆಚ್ಚಾದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಈ ಎರಡರ ನಡುವಿನ ಹದವನ್ನು ಕಲಿಯುವುದು ಹೇಗೆ? ಈಗ ವೈದ್ಯ ವಿದ್ಯಾರ್ಥಿಗಳು ಅದನ್ನು ಕಂಪ್ಯೂಟರ್ ಪರದೆಯ ಮೇಲೂ ಕಲಿಯಬಹುದು.

ಡಯಲ್‌ನಲ್ಲಿ 2, ಮಿದುಳಿನಲ್ಲಿ ಎಷ್ಟು?

ಸೆವೋಫ್ಲುರೇನ್, ಐಸೋಫ್ಲುರೇನ್ ಮುಂತಾದ ದ್ರವಗಳನ್ನು ಆವಿಯಾಗಿಸುವ ಸಾಧನವೇ ವೇಪರೈಸರ್. ಅದರ ಡಯಲ್ ಅನ್ನು ಶೇ 2ಕ್ಕೆ ತಿರುಗಿಸಿದ ಮಾತ್ರಕ್ಕೆ ಮಿದುಳಿಗೆ ಆ ಮಟ್ಟ ತಕ್ಷಣ ತಲುಪುವುದಿಲ್ಲ. ಆವಿ ಮೊದಲು ಯಂತ್ರದ ಕೊಳವೆಗಳನ್ನು ತುಂಬಬೇಕು. ಬಳಿಕ ಶ್ವಾಸಕೋಶ, ರಕ್ತ, ಅಲ್ಲಿಂದ ಮಿದುಳು, ಸ್ನಾಯು ಮತ್ತು ಕೊಬ್ಬು. ಉಸಿರಿನಲ್ಲಿರುವ ಅನಿಲದ ಪ್ರಮಾಣವನ್ನು ಮಾನಿಟರ್ ತೋರಿಸುತ್ತದೆ. ಮಿದುಳಿನೊಳಗಿನದು ಯಾರ ಕಣ್ಣಿಗೂ ಕಾಣದು.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ರಕ್ತದಲ್ಲಿ ಚೆನ್ನಾಗಿ ಕರಗುವ ಅನಿಲ ಬೇಗ ನಿದ್ದೆ ತರುತ್ತದೆ ಎಂದು ಅನಿಸುವುದು ಸಹಜ. ಆದರೆ ನಡೆಯುವುದು ಇದಕ್ಕೆ ವಿರುದ್ಧ. ಸಮಸ್ಥಿತಿ ತಲುಪಿದಾಗ ಒಂದು ಲೀಟರ್ ಗಾಳಿಯಲ್ಲಿರುವುದಕ್ಕಿಂತ ಸುಮಾರು 2.4 ಪಟ್ಟು ಹ್ಯಾಲೋಥೇನ್ ಒಂದು ಲೀಟರ್ ರಕ್ತದಲ್ಲಿ ಇರುತ್ತದೆ. ಸೆವೋಫ್ಲುರೇನ್ ಇರುವುದು ಸುಮಾರು 0.65 ಪಟ್ಟು ಮಾತ್ರ. ರಕ್ತ ಹೆಚ್ಚು ಹೀರಿಕೊಂಡಷ್ಟೂ ಶ್ವಾಸಕೋಶದಲ್ಲಿ ಅನಿಲದ ಒತ್ತಡ ನಿಧಾನವಾಗಿ ಏರುತ್ತದೆ, ಮಿದುಳಿನಲ್ಲೂ ಹಾಗೆಯೇ. ಆದ್ದರಿಂದ ಸೆವೋಫ್ಲುರೇನ್ ಬೇಗ ಕೆಲಸ ಮಾಡುತ್ತದೆ, ನಿಲ್ಲಿಸಿದ ಮೇಲೆ ರೋಗಿಯೂ ಬೇಗ ಏಳುತ್ತಾನೆ.

ಪರದೆಯಲ್ಲಿ ಕಾಣುವುದೇನು?

ಇಂಥ ತಂತ್ರಾಂಶಗಳಲ್ಲಿ ಹೆಸರಾಂತದ್ದು 'ಗ್ಯಾಸ್ ಮ್ಯಾನ್'. ಅಮೆರಿಕದ ಬಾಸ್ಟನ್‌ನ ಅರಿವಳಿಕೆ ತಜ್ಞ ಜೇಮ್ಸ್ ಫಿಲಿಪ್ ಇದನ್ನು 1980ರ ದಶಕದಲ್ಲಿ ರೂಪಿಸಿದರು. ಯಂತ್ರ, ಶ್ವಾಸಕೋಶ, ಮಿದುಳಿನಂಥ ಅಂಗಗಳು, ಸ್ನಾಯು, ಕೊಬ್ಬು ಇವೆಲ್ಲ ಒಂದಕ್ಕೊಂದು ಜೋಡಿಸಿದ ತೊಟ್ಟಿಗಳಂತೆ ಪರದೆಯಲ್ಲಿ ಕಾಣುತ್ತವೆ. ಡಯಲ್ ತಿರುಗಿಸಿದರೆ ಪ್ರತಿ ತೊಟ್ಟಿಯ ಮಟ್ಟ ಏರುವುದು, ಇಳಿಯುವುದು ಕಣ್ಣೆದುರೇ ನಡೆಯುತ್ತದೆ. ಗಂಟೆಗಟ್ಟಲೆಯ ಶಸ್ತ್ರಚಿಕಿತ್ಸೆಯನ್ನು ಕೆಲವೇ ನಿಮಿಷಗಳಲ್ಲಿ ಓಡಿಸಿ ನೋಡಬಹುದು. ದೀರ್ಘ ಶಸ್ತ್ರಚಿಕಿತ್ಸೆಯ ನಂತರ ಸ್ನಾಯು ಮತ್ತು ಕೊಬ್ಬಿನಲ್ಲಿ ಸೇರಿಕೊಂಡ ಅನಿಲ ಮರಳಿ ರಕ್ತಕ್ಕೆ ಬಂದು ಎಚ್ಚರವನ್ನು ತಡ ಮಾಡುವುದೂ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅನಿಲ ಉಳಿತಾಯದ ಪಾಠವೂ ಇಲ್ಲೇ ಸಿಗುತ್ತದೆ. ನಿಮಿಷಕ್ಕೆ 6 ಲೀಟರ್ ಹೊಸ ಅನಿಲ ಹರಿಸಿದರೆ ಬಹುಪಾಲು ವ್ಯರ್ಥವಾಗಿ ಹೊರಹೋಗುತ್ತದೆ. 1 ಲೀಟರ್‌ಗೆ ಇಳಿಸಿದರೆ ಖರ್ಚು ತಗ್ಗುತ್ತದೆ, ಆದರೆ ಡಯಲ್ ಬದಲಾವಣೆಯ ಪರಿಣಾಮ ರೋಗಿಯನ್ನು ತಲುಪಲು ಹೆಚ್ಚು ಸಮಯ ಬೇಕು. ಎಷ್ಟು ಸಮಯ ಎಂಬುದನ್ನು ಸಿಮ್ಯುಲೇಷನ್ ಲೆಕ್ಕ ಹಾಕಿ ತೋರಿಸುತ್ತದೆ. ಇದು ಪರಿಸರದ ಪ್ರಶ್ನೆಯೂ ಹೌದು. ಡೆಸ್‌ಫ್ಲುರೇನ್ ಪ್ರಬಲ ಹಸಿರುಮನೆ ಅನಿಲವಾದ್ದರಿಂದ 2026ರ ಜನವರಿ 1ರಿಂದ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟ ನಿರ್ಬಂಧಿಸಿದೆ.

ಹೈದರಾಬಾದ್ ಕಲಿಸಿದ ಪಾಠ

1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ಈಥರ್ ಅರಿವಳಿಕೆಯ ಸಾರ್ವಜನಿಕ ಪ್ರದರ್ಶನ ನಡೆಯಿತು. ಮರುವರ್ಷವೇ ಅದು ಕಲ್ಕತ್ತಾ ತಲುಪಿತು. ಆಗ ಕಲಿಕೆ ನಡೆಯುತ್ತಿದ್ದುದು ನೇರವಾಗಿ ರೋಗಿಗಳ ಮೇಲೆ. ಕ್ಲೋರೋಫಾರ್ಮ್ ಪಡೆದವರಲ್ಲಿ ಕೆಲವರು ಹಠಾತ್ತನೆ ಸಾಯುತ್ತಿದ್ದರು. ಕಾರಣ ತಿಳಿಯಲು 1888 ಮತ್ತು 1889ರಲ್ಲಿ ಹೈದರಾಬಾದ್‌ನಲ್ಲಿ ನಿಜಾಮರ ನೆರವಿನಿಂದ ಎರಡು ಕ್ಲೋರೋಫಾರ್ಮ್ ಆಯೋಗಗಳು ಪ್ರಯೋಗ ನಡೆಸಿದವು. ಇಂದಿನ ಕಲಬುರಗಿ, ಬೀದರ್, ರಾಯಚೂರು ಆಗ ಇದೇ ಸಂಸ್ಥಾನದಲ್ಲಿದ್ದವು. ಎಡ್ವರ್ಡ್ ಲಾರಿ ಮುಂದಾಳತ್ವದಲ್ಲಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂಬುದು ಅವರ ತೀರ್ಮಾನ. ಉಸಿರಾಟವೊಂದನ್ನು ಗಮನಿಸಿದರೆ ಸಾಕು ಎಂದು ಲಾರಿ ಬೋಧಿಸಿದರು. 1911ರಲ್ಲಿ ಎ.ಜಿ. ಲೆವಿ ಅವರ ಸಂಶೋಧನೆ ಇದನ್ನು ತಳ್ಳಿಹಾಕಿತು. ಹಗುರ ಕ್ಲೋರೋಫಾರ್ಮ್ ಅರಿವಳಿಕೆಯಲ್ಲೂ ಹೃದಯದ ಲಯ ದಿಢೀರ್ ಕೆಟ್ಟು ಸಾವು ಸಂಭವಿಸಬಹುದು ಎಂದು ಅವರು ತೋರಿಸಿಕೊಟ್ಟರು.

ಮಿತಿಗಳೇನು?

ಸಿಮ್ಯುಲೇಷನ್ ಕೂಡ ತಾನು ಆಧರಿಸಿದ ಲೆಕ್ಕಾಚಾರದಷ್ಟೇ ಸರಿ. ಗ್ಯಾಸ್ ಮ್ಯಾನ್ ಸಾಮಾನ್ಯವಾಗಿ 70 ಕೆ.ಜಿ. ತೂಕದ ಸರಾಸರಿ ದೇಹದಿಂದ ಆರಂಭಿಸುತ್ತದೆ. ಎದುರಿಗಿರುವ ರೋಗಿ ಸರಾಸರಿಯಾಗಿರಬೇಕಿಲ್ಲ. 40 ವರ್ಷದ ನಂತರ ಪ್ರತಿ ದಶಕಕ್ಕೆ ಬೇಕಾಗುವ ಅನಿಲದ ಪ್ರಮಾಣ ಸುಮಾರು ಶೇ 6ರಷ್ಟು ತಗ್ಗುತ್ತದೆ. ಮಾಸ್ಕ್ ಬಿಗಿಯಾಗಿ ಹಿಡಿಯುವುದು, ಶ್ವಾಸನಾಳಕ್ಕೆ ಕೊಳವೆ ಹಾಕುವುದು ಮೌಸ್‌ನಿಂದ ಬರುವ ವಿದ್ಯೆಯಲ್ಲ. ಅದಕ್ಕೆ ಮಾನವಾಕೃತಿಯ ಬೊಂಬೆಗಳ ಮೇಲಿನ ತರಬೇತಿ ಬೇಕು. ಅಮೆರಿಕದಲ್ಲಿ 1960ರ ದಶಕದಲ್ಲೇ 'ಸಿಮ್ ಒನ್' ಎಂಬ ಕಂಪ್ಯೂಟರ್ ಚಾಲಿತ ಬೊಂಬೆ ತಯಾರಾಗಿತ್ತು. ಕರ್ನಾಟಕದಲ್ಲಿ ಬೆಂಗಳೂರು, ಮಣಿಪಾಲದ ವೈದ್ಯಕೀಯ ಸಂಸ್ಥೆಗಳಲ್ಲಿ ಸಿಮ್ಯುಲೇಷನ್ ತರಬೇತಿ ಕೇಂದ್ರಗಳಿವೆ.

ಇಷ್ಟೆಲ್ಲ ಆದ ಮೇಲೂ ವಿದ್ಯಾರ್ಥಿ ಥಿಯೇಟರ್‌ನಲ್ಲಿ ಹಿರಿಯ ತಜ್ಞರ ಪಕ್ಕದಲ್ಲೇ ನಿಂತು ಕಲಿಯಬೇಕು. ಆದರೆ ಡಯಲ್ ತಿರುಗಿಸಿದಾಗ ದೇಹದೊಳಗೆ ಏನಾಗುತ್ತದೆ ಎಂಬುದನ್ನು ಆ ಹೊತ್ತಿಗೆ ಅವರು ಹಲವು ಬಾರಿ ನೋಡಿರುತ್ತಾರೆ, ಒಂದೆರಡು ಬಾರಿ ತಪ್ಪನ್ನೂ ಮಾಡಿರುತ್ತಾರೆ. ಆ ತಪ್ಪಿನಿಂದ ಯಾವ ರೋಗಿಗೂ ತೊಂದರೆಯಾಗಿರುವುದಿಲ್ಲ.